ಏಪ್ಟೇಶಿಯಾ ಮತ್ತು ಹಸಿರು ಪಾಚಿ ಎರಡೂ ಒಟ್ಟಿಗೆ: 200 ಲೀಟರ್ ಉಪ್ಪುನೀರಿನ ಟ್ಯಾಂಕ್, ಮೊದಲು ಯಾವುದಕ್ಕೆ ಕೈ ಹಾಕಲಿ?

ಜೋವಾ_ಬೆಂಗಳೂರು:
ಟ್ಯಾಂಕಿಗೆ ಎಂಟು ತಿಂಗಳಾಯಿತು. ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ ನೀರು ಸುಮಾರು 200 ಲೀಟರ್, ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ. ನೈಟ್ರೇಟ್ 25, ಫಾಸ್ಫೇಟ್ 0.25 ಪಿಪಿಎಂ. ಒಂದು ಜೊತೆ ಕ್ಲೌನ್ ಮೀನು, ಜೋವಾ ಮತ್ತು ಮಶ್ರೂಮ್ ಹವಳ ಇವೆ. ಕಲ್ಲಿನ ಸಂದಿಗಳಲ್ಲಿ ಕಳೆಯಂತೆ ಹಬ್ಬುವ ಕಂದು ಅನಿಮೋನ್ (ಹೂವಿನಂತೆ ಎಳೆಗಳಿರುವ ಕಡಲಜೀವಿ) 18 ಇವೆ, ಏಪ್ಟೇಶಿಯಾ ಇರಬೇಕು. ಮೂರೇ ಇದ್ದಾಗ ಚಿಮಟದಲ್ಲಿ ಕಿತ್ತು ಹಾಕಿದ್ದೆ. ಮೇಲಿನ ಕಲ್ಲುಗಳ ಮೇಲೆ ಬೆರಳುದ್ದ ಹಸಿರು ಪಾಚಿ. ನೀರು ಅಡುಗೆಮನೆಯ ಆರ್‌ಓದ್ದು, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 70. ಪೆಪ್ಪರ್‌ಮಿಂಟ್ ಸೀಗಡಿ ಬಿಟ್ಟರೆ ಸಾಕಾ, ಇಲ್ಲ ಕಲ್ಲೆಲ್ಲ ತೆಗೆದು ಒಣಗಿಸಬೇಕಾ?

ಕಡಲತಡಿ:
ಕಲ್ಲು ಒಣಗಿಸುವ ಯೋಚನೆ ಬಿಡಿ ಸರ್. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ಒಣಗಿಸಿದರೆ ಟ್ಯಾಂಕ್ ಮತ್ತೆ ಮೊದಲಿಂದ ಸೈಕಲ್ ಆಗಬೇಕು (ಆ ಬ್ಯಾಕ್ಟೀರಿಯಾ ಹೊಸದಾಗಿ ಬೆಳೆಯಬೇಕು), ಒಳಗೆ ಸತ್ತದ್ದೆಲ್ಲ ಕೊಳೆತು ಫಾಸ್ಫೇಟ್ ಇನ್ನಷ್ಟು ಏರುತ್ತದೆ.

ಮೂರು ಹದಿನೆಂಟಾಗಿದ್ದು ಚಿಮಟದಿಂದಲೇ. ಏಪ್ಟೇಶಿಯಾದ ಬುಡದ ಒಂದು ಚೂರು ಕಲ್ಲಿಗೆ ಅಂಟಿಕೊಂಡಿದ್ದರೂ ಅದು ಇನ್ನೊಂದು ಪೂರ್ತಿ ಅನಿಮೋನ್ ಆಗಿ ಬೆಳೆಯುತ್ತದೆ. ಕೀಳುವುದು, ಬ್ಲೇಡಿನಲ್ಲಿ ಕೆರೆಯುವುದು, ಬ್ರಷ್ಷಿನಲ್ಲಿ ಉಜ್ಜುವುದು ಯಾವುದೂ ಬೇಡ. ಇದ್ದ ಜಾಗದಲ್ಲೇ ಸಾಯಿಸಬೇಕು.

ಮೊದಲು ಗುರುತು ಖಚಿತ ಮಾಡಿಕೊಳ್ಳಿ. ಉದ್ದ ಕಾಂಡ, ಚೂಪು ತುದಿಯ ತೆಳ್ಳನೆ ಎಳೆಗಳು, ನೆರಳು ಬಿದ್ದರೂ ಸಾಕು, ಸರಕ್ಕನೆ ತೂತಿನೊಳಗೆ ಹೋಗುತ್ತದೆ ಅಂದರೆ ಏಪ್ಟೇಶಿಯಾ. ಗಿಡ್ಡ ದೇಹ, ಎಳೆಯ ತುದಿಯಲ್ಲಿ ಹಸಿರು ಅಥವಾ ನೇರಳೆ ಗುಂಡು ಇದ್ದರೆ ಮಜಾನೊ ಎಂಬ ಇನ್ನೊಂದು ಕಳೆ ಅನಿಮೋನ್. ಕೆಳಗೆ ಹೇಳುವ ಸುಣ್ಣದ ಪೇಸ್ಟ್ ಎರಡಕ್ಕೂ ನಡೆಯುತ್ತದೆ. ಬರ್ಗಿಯಾ ಎಂಬ ಕಡಲ ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ಮಾತ್ರ ಏಪ್ಟೇಶಿಯಾ ಬಿಟ್ಟು ಬೇರೆ ಏನೂ ತಿನ್ನುವುದಿಲ್ಲ, ಮಜಾನೊಗೆ ಅದನ್ನು ತಂದರೆ ದುಡ್ಡು ದಂಡ.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ (ಕಾಲ್ಕ್‌ವಾಸರ್ ಅಂತ ಮಾರುವುದು) ಒಂದು ಚಮಚ ತೆಗೆದುಕೊಂಡು ಶುದ್ಧ ನೀರು ಹನಿಹನಿ ಸೇರಿಸಿ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಕಲಸಿ. ತೆಳ್ಳಗಾದರೆ ನೀರಿನಲ್ಲಿ ಹಾಲಿನ ಹಾಗೆ ಹರಡಿ ಹೋಗುತ್ತದೆ, ಅನಿಮೋನ್ ಮೇಲೆ ನಿಲ್ಲುವುದಿಲ್ಲ. ಎಲೆ ಅಡಿಕೆಯ ಸುಣ್ಣವೂ ಅದೇ ರಾಸಾಯನಿಕ, ಆದರೆ ಅದರಲ್ಲಿ ಬಣ್ಣ, ಪರಿಮಳ ಏನೇನು ಸೇರಿರುತ್ತದೋ, ಟ್ಯಾಂಕಿಗೆ ಬೇಡ. ಈ ಪೇಸ್ಟ್ ಚರ್ಮ, ಕಣ್ಣು ಸುಡುತ್ತದೆ. ಗ್ಲೌಸ್ ಮತ್ತು ಕನ್ನಡಕ ಹಾಕಿಕೊಳ್ಳಿ.

ವೇವ್‌ಮೇಕರ್, ರಿಟರ್ನ್ ಪಂಪ್ ಎರಡೂ ಆಫ್ ಮಾಡಿ ನೀರು ಪೂರ್ತಿ ನಿಲ್ಲಲಿ. 5 ಮಿಲಿ ಸಿರಿಂಜಿಗೆ ಮೊಂಡು ಸೂಜಿ ಹಾಕಿ, ನಿಧಾನವಾಗಿ ಹತ್ತಿರ ಒಯ್ದು ಬಾಯಿಯ ಮೇಲೇ ಬಿಡಿ. ಅದು ಒಳಗೆ ಮುದುಡಿಕೊಳ್ಳುತ್ತದೆ. ಆಗ ತೂತಿನ ಬಾಯಿ ಪೂರ್ತಿ ಮುಚ್ಚುವಷ್ಟು ಇನ್ನೊಂದು ಹನಿ ಹಾಕಿ. ಸೂಜಿ ಚುಚ್ಚಬೇಡಿ, ಹರಿದರೆ ಮತ್ತೆ ಚೂರುಗಳ ಕಥೆ. 20 ನಿಮಿಷ ಬಿಟ್ಟು ಪಂಪ್ ಹಾಕಿ. ಜೋವಾ ಮೇಲೆ ಬಿದ್ದರೆ ಅದೂ ಸುಡುತ್ತದೆ, ತಕ್ಷಣ ಸೈಫನ್ನಿನಲ್ಲಿ ಎಳೆದುಬಿಡಿ.

ದಿನಕ್ಕೆ ಐದಾರು ಅನಿಮೋನ್, ಪೇಸ್ಟ್ ಎಲ್ಲ ಸೇರಿ 2–3 ಮಿಲಿ ದಾಟಬೇಡಿ. ಸುಣ್ಣ ಪಿಎಚ್ ಏರಿಸುತ್ತದೆ. ಹದಿನೆಂಟಕ್ಕೂ ಒಂದೇ ದಿನ ಹಾಕಿದರೆ ಮೀನಿಗೆ ಅಪಾಯ. ಪಿಎಚ್ 8.5 ಮುಟ್ಟಿದರೆ ಅಂದಿಗೆ ಸಾಕು ಮಾಡಿ. ವಾರ ಬಿಟ್ಟು ಅದೇ ಜಾಗ ಮತ್ತೆ ನೋಡಿ, ಅಕ್ಕಿಕಾಳಿನಷ್ಟು ಮರಿಗಳು ಕಂಡೇ ಕಾಣುತ್ತವೆ.

ಸೀಗಡಿಯ ಕೆಲಸ ಆ ಮರಿಗಳಿಗೆ. ಮೂರು ಸಾಕು. ದೊಡ್ಡ ಅನಿಮೋನನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಮೀನಿನ ಆಹಾರ ಹೊಟ್ಟೆ ತುಂಬ ಸಿಕ್ಕರೆ ಮರಿಯನ್ನೂ ಮುಟ್ಟುವುದಿಲ್ಲ. ಕೊಳ್ಳುವಾಗ ಹುಷಾರು: ಕ್ಯಾಮೆಲ್ ಸೀಗಡಿಯನ್ನೂ ಪೆಪ್ಪರ್‌ಮಿಂಟ್ ಎಂದೇ ಮಾರುತ್ತಾರೆ. ಕೆಂಪು ಗೆರೆಗಳ ನಡುವೆ ಎದ್ದು ಕಾಣುವ ಬಿಳಿ ಗೆರೆ, ಚುಕ್ಕೆ, ದೊಡ್ಡ ಗೂನು ಇದ್ದರೆ ಅದು ಕ್ಯಾಮೆಲ್. ಅದು ನಿಮ್ಮ ಜೋವಾಗಳನ್ನೇ ತಿನ್ನುತ್ತದೆ.

ಟಿಡಿಎಸ್_ಸೊನ್ನೆ:
ಪಾಚಿಯ ಮೂಲ ನಿಮ್ಮ ನೀರಿನ ಆ ಟಿಡಿಎಸ್ 70ರಲ್ಲೂ ಇದೆ. ಕುಡಿಯುವ ನೀರಿನ ಆರ್‌ಓದಲ್ಲಿ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ರುಚಿಗಾಗಿ ಹಸಿ ನೀರನ್ನು ಸ್ವಲ್ಪ ಬೆರೆಸುತ್ತದೆ. ನಿಮ್ಮದು ಬೋರ್‌ವೆಲ್ ನೀರಾದರೆ ನೈಟ್ರೇಟ್, ಸಿಲಿಕಾ ಆ ದಾರಿಯಲ್ಲೇ ಒಳಗೆ ಬರುತ್ತವೆ. ಆವಿಯಾದದ್ದಕ್ಕೆ ದಿನಾ ಇದೇ ನೀರು ಸುರಿದರೆ ನೀರು ಹೋಗುತ್ತದೆ, ಲವಣ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತದೆ. ಮೆಂಬ್ರೇನ್ ಆದ ಮೇಲೆ, ಕಂಟ್ರೋಲರ್ ಮತ್ತು ಮಿನರಲ್ ಕಾರ್ಟ್ರಿಜ್‌ಗೆ ಮುಂಚೆ, ಒಂದು ಪೈಪ್ ಕವಲು ತೆಗೆದು ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿಯುವ ಕಾಳುಗಳು) ಕ್ಯಾನಿಸ್ಟರ್ ಹಾಕಿಸಿ. ಮೀಟರ್ 0 ತೋರಿಸಬೇಕು. 1 ಅಥವಾ 2 ಬಂತು ಅಂದರೆ ರೆಸಿನ್ ಮುಗಿಯಿತು.

ಇನ್ನು ಔಷಧಿಗೆ ಮುಂಚೆ ಪಾಚಿ ಯಾವುದು ನೋಡಿ. ಒಂದು ಎಳೆ ಕಿತ್ತು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬಿಡಿಸಿ. ಬರೀ ಕೂದಲಿನಂತೆ ಕವಲಿಲ್ಲದೆ ಇದ್ದರೆ ಹೇರ್ ಆಲ್ಗೆ: ಕೈಯಲ್ಲಿ ಕಿತ್ತು, ಉಜ್ಜಿ, ಟ್ರೋಕಸ್ ಬಸವನಹುಳು ಬಿಟ್ಟು, ಆಹಾರ ತಗ್ಗಿಸಿದರೆ ಹೋಗುತ್ತದೆ. ನಡುದಂಟಿನ ಎರಡೂ ಕಡೆ ತೆಂಗಿನ ಗರಿಯ ಹಾಗೆ ಕವಲಿದ್ದರೆ ಬ್ರಯಾಪ್ಸಿಸ್. ಅದನ್ನು ಬಸವನಹುಳು ಮೂಸಿಯೂ ನೋಡುವುದಿಲ್ಲ, ಕಿತ್ತಷ್ಟೂ ಬುಡದಿಂದ ಚಿಗುರುತ್ತದೆ.

ಜೋವಾ_ಬೆಂಗಳೂರು:
ತಟ್ಟೆಯಲ್ಲಿ ಬಿಡಿಸಿ ನೋಡಿದೆ. ತೆಂಗಿನ ಗರಿಯೇ.

ಟಿಡಿಎಸ್_ಸೊನ್ನೆ:
ಹಾಗಾದರೆ ಫ್ಲುಕೊನಜೋಲ್, ಮನುಷ್ಯರಿಗೆ ಕೊಡುವ ಶಿಲೀಂಧ್ರದ ಔಷಧಿ. ಲೀಟರಿಗೆ 5 ಮಿಲಿಗ್ರಾಂ ಲೆಕ್ಕ, ಕಲ್ಲು ಮರಳು ಕಳೆದು ನಿಜವಾಗಿ ಇರುವ ನೀರಿಗೆ. ನಿಮ್ಮ 200 ಲೀಟರಿಗೆ 1000 ಮಿಲಿಗ್ರಾಂ. 150ರ ಕ್ಯಾಪ್ಸೂಲ್ ಏಳು. ಮೆಡಿಕಲ್ ಶಾಪಿನಲ್ಲಿ ಡಾಕ್ಟರ್ ಚೀಟಿ ಕೇಳುತ್ತಾರೆ. ಪುಡಿಯನ್ನು ಟ್ಯಾಂಕ್ ನೀರಿನಲ್ಲೇ ಕದಡಿ ಸಂಪ್‌ಗೆ ಸುರಿಯಿರಿ, ಒಂದೇ ಸಲ.

ಅದಕ್ಕೆ ಮುಂಚೆ ಉದ್ದ ಪಾಚಿಯನ್ನು ಆದಷ್ಟು ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಅಷ್ಟೂ ಸತ್ತು ಕೊಳೆಯುವುದು ನಿಮ್ಮ ನೀರಿನಲ್ಲೇ. ಕಾರ್ಬನ್, ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು) ಇದ್ದರೆ ತೆಗೆಯಿರಿ, ಯುವಿ ದೀಪ ಆಫ್. ಸ್ಕಿಮ್ಮರಿನ (ನೊರೆಯಲ್ಲಿ ಕೊಳೆ ಎಳೆಯುವ ಯಂತ್ರ) ಕಪ್ ತೆಗೆದು ಗಾಳಿಗಾಗಿ ಓಡಿಸಿ. ಪಾಚಿ ಕೊಳೆಯುವಾಗ ಆಮ್ಲಜನಕ ಇಳಿಯುತ್ತದೆ. ಮೊದಲ ವಾರ ಏನೂ ಆದಂತೆ ಕಾಣುವುದಿಲ್ಲ, ಮತ್ತೆ ಡೋಸ್ ಹಾಕಬೇಡಿ. ಆಮೇಲೆ ಗರಿಗಳು ಬೆಳ್ಳಗಾಗಿ, ಮುಟ್ಟಿದರೆ ಉದುರುತ್ತವೆ. ಮೂರು ವಾರವಾದ ಮೇಲೆ 25 ಶೇಕಡಾ ನೀರು ಬದಲಿಸಿ ಕಾರ್ಬನ್ ಹಾಕಿ.

ಅದಾದ ಮೇಲೆ ಜಿಎಫ್‌ಓವನ್ನು ಪೊಟ್ಟಣದ ಅಳತೆಯ ಅರ್ಧದಿಂದ ಶುರು ಮಾಡಿ. ಫಾಸ್ಫೇಟ್ 0.25ರಿಂದ ದಢಕ್ಕನೆ ಇಳಿದರೆ ಹವಳ ಮುದುಡುತ್ತದೆ. 0.05ರಿಂದ 0.1ರ ನಡುವೆ, ನೈಟ್ರೇಟ್ 5ರಿಂದ 10ರಲ್ಲಿ ನಿಲ್ಲಿಸಿ. ಎರಡೂ ಸೊನ್ನೆಯಾದರೆ ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಬರಬಹುದು, ಗುಳ್ಳೆ ಸಿಕ್ಕಿಕೊಂಡ ಕಂದು ಲೋಳೆಯ ದಾರಗಳು. ಅದು ಕಂಡ ದಿನವೇ ಜಿಎಫ್‌ಓ ತೆಗೆಯಿರಿ, ನೀರು ಬದಲಿಸುವುದನ್ನೂ ನಿಲ್ಲಿಸಿ.

ಕಡಲತಡಿ:
ಒಂದು ಮಾತು ಸೇರಿಸುತ್ತೇನೆ: ಪೇಸ್ಟ್ ಕೆಲಸ ಮುಗಿಸಿ ಒಂದು ವಾರವಾದ ಮೇಲೆಯೇ ಫ್ಲುಕೊನಜೋಲ್ ಹಾಕಿ. ಎರಡೂ ಒಟ್ಟಿಗೆ ನಡೆದರೆ, ಹವಳ ಮುದುಡಿದಾಗ ಕಾರಣ ಯಾವುದೆಂದೇ ಗೊತ್ತಾಗುವುದಿಲ್ಲ.