ಮೇಡಂಗೆ ಕೇಳಿ: ಬೇರೆ ದೇಶದವರು ಹಬ್ಬಿಸುವ ಸುಳ್ಳು ಸುದ್ದಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಒಂದು ದೇಶದ ಸರ್ಕಾರ ಸುಳ್ಳು ಸುದ್ದಿ ಹಬ್ಬಿಸಿ ಇನ್ನೊಂದು ದೇಶದ ರಾಜಕೀಯದಲ್ಲಿ ಕೈಯಾಡಿಸೋದು ಹೇಗೆ ಅನ್ನೋದು ಇವತ್ತಿನ ವಿಷಯ. ನಮ್ಮ ದಾವಣಗೆರೆಯವರೇ ಆದ ಮೇಡಂ ಬೆಂಗಳೂರಿನಲ್ಲಿ ಸುಳ್ಳು ಸುದ್ದಿ ಪತ್ತೆ ಹಚ್ಚುವ ಕೆಲಸ ಮಾಡುತ್ತಾರೆ. 12 ಗಂಟೆವರೆಗೆ ಇರುತ್ತಾರೆ. ದಯವಿಟ್ಟು ಗುಡ್ ಮಾರ್ನಿಂಗ್ ಫೋಟೊ ಹಾಕಬೇಡಿ.

ನಿಟ್ಟುವಳ್ಳಿ ಮೇಷ್ಟ್ರು: ಮೇಡಂ, ಇದೆಲ್ಲ ನಿಜವಾಗಿ ನಡೆಯುತ್ತಾ, ಇಲ್ಲ ಸೋತವರು ಹೇಳುವ ನೆಪವಾ?

ಮೇಡಂ: ಎರಡೂ ಇದೆ ಸರ್. 2016ರ ಮೇ ತಿಂಗಳಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಂದು ಇಸ್ಲಾಮಿಕ್ ಕೇಂದ್ರದ ಹತ್ತಿರ ಎರಡು ಗುಂಪು ಎದುರುಬದುರು ನಿಂತು ಕೂಗಾಡಿದವು. ಒಂದನ್ನು ಕರೆದದ್ದು ಟೆಕ್ಸಾಸ್ ಅಭಿಮಾನಿಗಳ ಫೇಸ್‌ಬುಕ್ ಪೇಜು, ಇನ್ನೊಂದನ್ನು ಮುಸ್ಲಿಮರ ಹೆಸರಿನ ಪೇಜು. ಎರಡನ್ನೂ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಆಫೀಸು, ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಅಂತ. ನಕಲಿ ಅಕೌಂಟು ನಡೆಸುವುದೇ ಅದರ ಕೆಲಸ. ಜಾಹೀರಾತಿಗೆ ಆದ ಖರ್ಚು ಸುಮಾರು 200 ಡಾಲರ್. ಬಂದ ಜನ ಮಾತ್ರ ಅಲ್ಲಿಯವರೇ, ಅವರ ಸಿಟ್ಟೂ ಅವರದೇ. ಆದರೆ ಇಂಥದ್ದರಿಂದ ವೋಟು ಬದಲಾಯಿತಾ ಅಂದರೆ, ಟ್ವಿಟರ್ ಬಗ್ಗೆ 2023ರಲ್ಲಿ ಬಂದ ಅಧ್ಯಯನಕ್ಕೆ ಅಂಥ ಗುರುತು ಸಿಗಲಿಲ್ಲ.

ಮಂಡಿಪೇಟೆ ಅಂಗಡಿ: ವಾಟ್ಸಾಪಿನಲ್ಲಿ ಮೂರು ಟಿಕ್ ಬಂದರೆ ಸರ್ಕಾರ ನೋಡಿದೆ ಅಂತ ಅರ್ಥವಂತೆ. ಈ ಮೆಸೇಜ್ 20 ಗುಂಪಿಗೆ ಕಳಿಸಿದರೆ ವಿದೇಶಿ ಅಕೌಂಟುಗಳು ನಮ್ಮ ನಂಬರಿಗೆ ಬರಲ್ವಂತೆ. ಹೌದಾ?

ಮೇಡಂ: ಸುಳ್ಳು. ಮೂರನೇ ಟಿಕ್ ಅನ್ನೋದೇ ಇಲ್ಲ.

ಹರಿಹರದವರು: ರೊಮೇನಿಯಾದಲ್ಲಿ 2024ರ ಡಿಸೆಂಬರಿನಲ್ಲಿ ಹೊರಗಿನವರ ಕೈವಾಡದ ಆರೋಪ ಬಂದಾಗ ಕೋರ್ಟು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತನ್ನೇ ರದ್ದು ಮಾಡಿತಲ್ಲ, ಅದು ಸರಿನಾ?

ಕೆಟಿಜೆ ನಗರದ ಅಮ್ಮ: ಮೇಡಂ, ನನ್ನ ಮಗ ಬಿಎ ಮುಗಿಸಿ ಮನೆಯಲ್ಲಿದ್ದಾನೆ. ಇಂಗ್ಲಿಷ್ ಚೆನ್ನಾಗಿ ಬರೆಯುತ್ತಾನೆ. ಯಾವುದೋ ವಿದೇಶಿ ನ್ಯೂಸ್ ವೆಬ್‌ಸೈಟಿನವರು ತಾವಾಗಿಯೇ ಮೆಸೇಜ್ ಮಾಡಿ ಅಮೆರಿಕದ ರಾಜಕೀಯದ ಬಗ್ಗೆ ಲೇಖನ ಬರೆಸುತ್ತಿದ್ದಾರೆ. ಎರಡಕ್ಕೆ ದುಡ್ಡೂ ಬಂತು. ಈಗ ‘ಇನ್ನೂ ಖಾರವಾಗಿ ಬರಿ, ಒಂದೇ ಕಡೆ ಬೈ’ ಅನ್ನುತ್ತಾರಂತೆ. ಮುಖ ತೋರಿಸಿ ಮಾತಾಡಿದ್ದೇ ಇಲ್ಲ. ಅವನು ಖುಷಿಯಾಗಿದ್ದಾನೆ, ನನಗೆ ನಿದ್ದೆ ಬರುತ್ತಿಲ್ಲ.

ಮೇಡಂ: ಅಮ್ಮಾ, ಇದನ್ನು ಓದಿ ಚಹಾ ಪಕ್ಕಕ್ಕಿಟ್ಟೆ. ಕೆಲಸ ಪ್ರಾಮಾಣಿಕವಾದದ್ದೂ ಇರಬಹುದು. ಆದರೆ ನೀವು ಹೇಳಿದ ಲಕ್ಷಣಗಳನ್ನು ಹಿಂದೆ ನೋಡಿದ್ದೇವೆ. 2020ರಲ್ಲಿ ಪೀಸ್ ಡೇಟಾ ಅಂತ ಒಂದು ವೆಬ್‌ಸೈಟ್ ಇತ್ತು. ಸಂಪಾದಕರ ಫೋಟೊಗಳು ಕಂಪ್ಯೂಟರಿನಲ್ಲಿ ಮಾಡಿದ ಮುಖಗಳು. ಬರೆಯುವವರು ಮಾತ್ರ ನಿಜವಾದ ಪತ್ರಕರ್ತರು. ತಾವು ದುಡಿಯುತ್ತಿದ್ದದ್ದು ಆಗಲೇ ಹೇಳಿದ ರಷ್ಯಾದ ಜಾಲಕ್ಕೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಅದೇ ವರ್ಷ ಆಫ್ರಿಕಾದ ಘಾನಾದಲ್ಲೂ ಇಂಥದ್ದೇ. ಅಲ್ಲಿಯ ಹುಡುಗ ಹುಡುಗಿಯರನ್ನು ಸಂಬಳಕ್ಕೆ ಇಟ್ಟುಕೊಂಡು, ಅಮೆರಿಕದ ಕಪ್ಪು ಜನರ ನೋವಿನ ಬಗ್ಗೆ ಪೋಸ್ಟ್ ಹಾಕಿಸುತ್ತಿದ್ದರು. ಫೇಸ್‌ಬುಕ್ ಮಾರ್ಚಿನಲ್ಲಿ ಆ ಅಕೌಂಟುಗಳನ್ನು ಕಿತ್ತು ಹಾಕಿತು. ದೂರದ ಜಗಳಕ್ಕೆ ಬಾಡಿಗೆ ಬಾಯಿ ಹುಡುಕುತ್ತಾರೆ, ಅಷ್ಟೇ. ಬರವಣಿಗೆ ಗೊತ್ತಿದ್ದು ಕೆಲಸ ಸಿಗದ ಹುಡುಗರು ಬೇಗ ಸಿಗುತ್ತಾರೆ.

ಮಗನನ್ನು ಬೈಯಬೇಡಿ. ಹೊಸ ಲೇಖನ ಕೊಡುವುದು ಬೇಡ. ಸಂಪಾದಕರ ಜೊತೆ ವಿಡಿಯೊ ಕಾಲ್ ಕೇಳಲಿ. ವೆಬ್‌ಸೈಟ್ ಯಾವಾಗ ನೋಂದಣಿ ಆಗಿದೆ ಅಂತ ನೋಡಲಿ. ಹೋದ ತಿಂಗಳು ಹುಟ್ಟಿ ‘ಹತ್ತು ವರ್ಷದ ಅನುಭವ’ ಅಂದರೆ ಅಲ್ಲೇ ಗೊತ್ತಾಯಿತು. ಬೇರೆಯವರ ದುಡ್ಡು ತನ್ನ ಖಾತೆಯಲ್ಲಿ ಹಾಕಿಸಿಕೊಂಡು ಮುಂದೆ ಕಳಿಸುವಂತೆ ಕೇಳಿದರೆ ಖಂಡಿತ ಒಪ್ಪಬಾರದು, ನೇರ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮುಖ್ಯವಾಗಿ ಮೆಸೇಜ್, ಮೇಲ್ ಯಾವುದನ್ನೂ ಅಳಿಸಬಾರದು.

ವಿನೋಬನಗರ: ಎಲ್ಲದಕ್ಕೂ ರಷ್ಯಾ ಅಂತೀರಲ್ಲ. 1971ರಲ್ಲಿ ನಮ್ಮ ಕೈ ಹಿಡಿದ ದೇಶ ಅದು. ಅಮೆರಿಕ ಸಾಚಾನಾ?

ಮೇಡಂ: ಸಾಚಾ ಅಂದವರು ಯಾರು? 2020ರಲ್ಲಿ ಅಮೆರಿಕದ ಸೇನೆಯೇ ಫಿಲಿಪ್ಪೀನ್ಸ್ ಜನರ ಹೆಸರಿನಲ್ಲಿ ನಕಲಿ ಅಕೌಂಟು ಮಾಡಿ ಚೀನಾದ ಲಸಿಕೆ ಬಗ್ಗೆ ಅನುಮಾನ ಹುಟ್ಟಿಸಿತು. ಸುದ್ದಿಸಂಸ್ಥೆ ರಾಯಿಟರ್ಸ್ 2024ರಲ್ಲಿ ಬಯಲು ಮಾಡಿತು. ಹಾಗೇ 1983ರಲ್ಲಿ ದೆಹಲಿಯ ಪೇಟ್ರಿಯಟ್ ಪತ್ರಿಕೆಯಲ್ಲಿ ಹೆಸರಿಲ್ಲದ ಪತ್ರ ಬಂತು, ಏಡ್ಸ್ ರೋಗ ಅಮೆರಿಕದ ಲ್ಯಾಬಿನಲ್ಲಿ ಮಾಡಿದ್ದು ಅಂತ. ಅದು ಆಗಿನ ಸೋವಿಯತ್ ರಷ್ಯಾದ ಗೂಢಚಾರ ಸಂಸ್ಥೆ ಕೆಜಿಬಿ ಕೆಲಸ. ಆಗಲೂ ಬಾಡಿಗೆ ಬಾಯಿ ನಮ್ಮದೇ.

ನಿಟ್ಟುವಳ್ಳಿ ಮೇಷ್ಟ್ರು: ಕೇಳಿಸ್ತಾ ವಿನೋಬನಗರ? 1971 ಬೇರೆ, ಇದು ಬೇರೆ.

ವಿನೋಬನಗರ: ಇದು ನಿಮ್ಮ ಕ್ಲಾಸ್ ರೂಮ್ ಅಲ್ಲ ಮೇಷ್ಟ್ರೇ.

ನಿಟ್ಟುವಳ್ಳಿ ಮೇಷ್ಟ್ರು: ಆಗಿದ್ದರೆ ನಿಮ್ಮನ್ನು ಹೊರಗೆ ನಿಲ್ಲಿಸುತ್ತಿದ್ದೆ.

ಎಂಸಿಸಿ ಬಿ ಬ್ಲಾಕ್: ನಮ್ಮ ದೇಶದವರೂ ಮಾಡ್ತಾರೆ ಅಂತ 2020ರಲ್ಲಿ ಬ್ರಸೆಲ್ಸ್‌ನಿಂದ ಒಂದು ವರದಿ ಬಂದಿತ್ತಲ್ಲ ಮೇಡಂ, 750ಕ್ಕೂ ಜಾಸ್ತಿ ನಕಲಿ ಸುದ್ದಿ ಮಾಧ್ಯಮ ಅಂತ?

ಮೇಡಂ: ಬಂದಿತ್ತು. ಯುರೋಪಿನಲ್ಲಿ ಪಾಕಿಸ್ತಾನದ ಹೆಸರು ಕೆಡಿಸುವ ಜಾಲ ಅಂತ ವರದಿ ಹೇಳಿತು. ನಮ್ಮ ವಿದೇಶಾಂಗ ಇಲಾಖೆ ಆರೋಪ ತಳ್ಳಿಹಾಕಿತು.

ವಿನೋಬನಗರ: ನೋಡಿ, ಕೊನೆಗೆ ದೇಶದ ಮೇಲೇ ಬಂದರು!

ಮಂಡಿಪೇಟೆ ಅಂಗಡಿ: ಅಣ್ಣಾ, ಇಬ್ಬರೂ ಗುಂಡಿ ಸರ್ಕಲ್ಲಿಗೆ ಬನ್ನಿ, ಮಂಡಕ್ಕಿ ಮಿರ್ಚಿ ತಿಂದುಕೊಂಡು ಜಗಳ ಆಡಿ. ಮೇಡಂ, ವಿದೇಶಿ ಅಕೌಂಟು ಹಿಡಿಯುವ ಆ್ಯಪ್ ಬಂದಿದೆ, ಲಿಂಕ್ ಹಾಕ್ತಿದ್ದೀನಿ. ಸ್ಟೋರಿನಲ್ಲಿ ಸಿಗಲ್ಲ, ಇಲ್ಲಿಂದಲೇ ಹಾಕಿಕೊಳ್ಳಬೇಕಂತೆ.

ಮೇಡಂ: ಯಾರೂ ಒತ್ತಬೇಡಿ! ಅಂಥ ಫೈಲು ಹಾಕಿಕೊಂಡರೆ ನಿಮ್ಮ ಓಟಿಪಿ ಕದ್ದು ಖಾತೆ ಖಾಲಿ ಮಾಡಬಹುದು. ಬಂದದ್ದನ್ನೆಲ್ಲ ದಾಟಿಸುವುದಾದರೆ ನನ್ನನ್ನು ಯಾಕೆ ಕರೆಸಿದಿರಿ? ಅಡ್ಮಿನ್, ಅಳಿಸಿ.

ಅಡ್ಮಿನ್: ಅಳಿಸಿದೆ. ರಾಜಕೀಯವೂ ಬೇಡ.

ಎಂಸಿಸಿ ಬಿ ಬ್ಲಾಕ್: ವಿಷಯವೇ ರಾಜಕೀಯ ಅಲ್ವಾ ಸ್ವಾಮಿ?

ಹರಿಹರದವರು: ನನ್ನ ರೊಮೇನಿಯಾ ಪ್ರಶ್ನೆ ಹಾಗೇ ಇದೆ.

ವಿದ್ಯಾನಗರ: ಈಗ ಬಂದೆ. ಮೂರು ಟಿಕ್ ವಿಷಯ ನಿಜನಾ?

ಮೇಡಂ: ಮೇಲೆ ಓದಿ.

ಕೆಟಿಜೆ ನಗರದ ಅಮ್ಮ: ಮೇಡಂ, ನೀವು ಬರೆದದ್ದು ತೋರಿಸುವಷ್ಟರಲ್ಲಿ ಹೆದರಿ ಎಲ್ಲ ಮೆಸೇಜ್ ಅಳಿಸಿಬಿಟ್ಟಿದ್ದಾನೆ.

ಮೇಡಂ: ಅಯ್ಯೋ. ಇರಲಿ, ಮೇಲ್ ಡಬ್ಬಿಯ ಕಸದಲ್ಲಿ ಇನ್ನೂ ಇರಬಹುದು, ನೋಡಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಮುಂದಿನದು ಇಲ್ಲಿ ಬರೆಯಬೇಡಿ. ನನಗೇ ಫೋನ್ ಮಾಡಿ, ಅವನ ಕೈಗೂ ಕೊಡಿ.