ಯುದ್ಧ, ನೆರೆ, ಕಾಲರಾ ಇರುವ ಕಡೆಗೆ ನರ್ಸಾಗಿ ಹೋಗಬೇಕು ಅಂತಿದ್ದೇನೆ, ಹೋಗಿ ಬಂದವರು ಹೇಳಿ

ಕೇಳಿದವರು: ಮಂಗಳೂರಿನ ನರ್ಸ್

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿದ್ದೇನೆ. ಮನೆ ಕುಂದಾಪುರದ ಹತ್ತಿರ. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಗಲ್ಫ್‌ಗೆ, ಜರ್ಮನಿಗೆ ಹೊರಟಿದ್ದಾರೆ. ನನಗೆ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು), ರೆಡ್‌ಕ್ರಾಸ್ ತರದ ಸಂಸ್ಥೆಯಲ್ಲಿ ಒಮ್ಮೆಯಾದರೂ ಕೆಲಸ ಮಾಡಬೇಕು ಅಂತ ಆಸೆ. ಅಮ್ಮ "ಬಾಂಬ್ ಬೀಳುವ ಊರಿಗೆ ಯಾಕೆ ಮಾರಾಯ್ತಿ" ಅಂತ ಮಾತು ಬಿಟ್ಟು ಕೂತಿದ್ದಾರೆ. ಅಲ್ಲಿ ನಿಜಕ್ಕೂ ಎಂತ ಕೆಲಸ? ಈಗಲೇ ಏನು ಕಲಿಯಬೇಕು? ವಾಪಸ್ ಬಂದರೆ ಇಲ್ಲಿ ಕೆಲಸ ಸಿಗುತ್ತದಾ?

ಉಡುಪಿಯ ನರ್ಸ್, ದಕ್ಷಿಣ ಸುಡಾನ್‌ನಲ್ಲಿ ಇದ್ದವರು

ತಂಗಿ, ಟಿವಿಯಲ್ಲಿ ತೋರಿಸುವ ಹಾಗೆ ಗಾಯಾಳುಗಳನ್ನು ಎತ್ತಿಕೊಂಡು ಓಡುವುದು ಕಡಿಮೆ. ಹೊರಗಿನಿಂದ ಹೋದ ನರ್ಸಿಗೆ ಜಾಸ್ತಿ ಸಿಗುವುದು ಮೇಲ್ವಿಚಾರಣೆ. ಡ್ಯೂಟಿ ಪಟ್ಟಿ, ಔಷಧದ ಸ್ಟಾಕ್, ಕೈ ತೊಳೆಸುವುದು, ಹೇಳಿಕೊಡುವುದು. ಎಂಎಸ್‌ಎಫ್‌ನಲ್ಲೂ ಹೆಚ್ಚಿನ ಸಿಬ್ಬಂದಿ ಆಯಾ ದೇಶದವರೇ. ನಾವು ಹೋಗುವ ಮೊದಲೂ ಅವರೇ ನಡೆಸುತ್ತಿದ್ದರು, ನಾವು ವಾಪಸ್ ಬಂದ ಮೇಲೂ ಅವರೇ. "ಕಾಪಾಡಲು ಬಂದವಳು ನಾನು" ಅನ್ನುವ ಗತ್ತು ತೋರಿಸಿದರೆ ವಾರದೊಳಗೆ ವಾರ್ಡಿನವರು ದೂರ ಇಡುತ್ತಾರೆ. ನನ್ನ ಜೊತೆಗಿದ್ದ ಒಬ್ಬ ಸಹಾಯಕನಿಗೆ ಸರ್ಟಿಫಿಕೇಟ್ ಅಂತ ಒಂದೂ ಇರಲಿಲ್ಲ. ಆದರೆ ಭೇದಿಯಾಗಿ ಒಣಗಿದ ಮಗುವಿನ ತಲೆಯಲ್ಲಿ ನರ ಹುಡುಕಿ ಸೂಜಿ ಹಾಕುವುದನ್ನು ನಾನು ಅವನಿಂದಲೇ ಕಲಿತದ್ದು.

ಕಾಲರಾ ಟೆಂಟ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಮಂಚದ ಮಧ್ಯೆ ಒಂದು ತೂತು, ಅದರ ಕೆಳಗೆ ಬಕೆಟ್. ತಲೆಯ ಹತ್ತಿರ ವಾಂತಿಗೆ ಇನ್ನೊಂದು. ಬಕೆಟ್ ನೋಡಿ ಎಷ್ಟು ನೀರು ಹೋಯಿತು ಅಂತ ಬರೆಯಬೇಕು, ಅಷ್ಟನ್ನು ವಾಪಸ್ ಕೊಡಬೇಕು. ತೀರಾ ಬತ್ತಿದ 50 ಕೆಜಿಯ ಮನುಷ್ಯನಿಗೆ 3 ಗಂಟೆಯಲ್ಲಿ 5 ಲೀಟರ್ ರಿಂಗರ್ ಲ್ಯಾಕ್ಟೇಟ್ (ಲವಣ ಬೆರೆತ ಡ್ರಿಪ್) ಹೋಗಬೇಕು. ಅದರಲ್ಲಿ ಒಂದೂವರೆ ಲೀಟರ್ ಮೊದಲ ಅರ್ಧ ಗಂಟೆಯೊಳಗೇ. ಇಲ್ಲಿ ಹನಿ ಎಣಿಸಿ ಡ್ರಿಪ್ ಕೊಟ್ಟು ಅಭ್ಯಾಸವಾದ ಕೈಗೆ ಅದು ಸುಲಭವಲ್ಲ. ಆದರೆ ನಾಡಿ ಸಿಗದೆ ಹೊತ್ತು ತಂದವರು ಸಂಜೆಗೆ ಎದ್ದು ಕೂತು ಓಆರ್‌ಎಸ್ ಕುಡಿಯುತ್ತಾರೆ. ಬೇರೆ ಯಾವ ಕಾಯಿಲೆಯಲ್ಲೂ ಇಷ್ಟು ಬೇಗ ಫಲ ಕಂಡದ್ದು ನನಗೆ ನೆನಪಿಲ್ಲ. ಅಂದಹಾಗೆ, ಡ್ರಿಪ್ ಸ್ಟಾಕ್ ಖಾಲಿಯಾದಾಗ ಬಾಯಿಂದ ಕುಡಿಸಿಯೇ ಜನರನ್ನು ಉಳಿಸಬಹುದು ಅಂತ ದೊಡ್ಡ ಮಟ್ಟದಲ್ಲಿ ತೋರಿಸಿದ್ದು ನಮ್ಮವರೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಸೋಡ, ಗ್ಲೂಕೋಸ್ ಕಲಸಿದ ನೀರು ಕುಡಿಸಿದರು. ಸರ್ಕಾರ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಹೋದ ಮೇಲೆ.

ಕ್ಲೋರಿನ್ ನೀರು ಮೂರು ಬಗೆ. ಕೈಗೆ ಶೇ. 0.05, ನೆಲಕ್ಕೆ ಶೇ. 0.2, ಬಕೆಟ್‌ಗೆ ಶೇ. 2. ಡ್ರಮ್ ಅದಲುಬದಲಾದರೆ ಕೈಯ ಚರ್ಮ ಏಳುತ್ತದೆ. ಹಾಗಾಗಿ ಬೆಳಿಗ್ಗೆ ಹೋದ ಕೂಡಲೇ ಮೊದಲ ಕೆಲಸ ಡ್ರಮ್ ನೋಡುವುದು, ರೋಗಿ ಆಮೇಲೆ.

ನೀವು ಈಗ ಮಾಡಬೇಕಾದದ್ದು: ಕ್ಯಾಶುವಾಲ್ಟಿ ಒಂದೇ ಸಾಕಾಗುವುದಿಲ್ಲ. ಮಕ್ಕಳ ವಾರ್ಡ್, ಹೆರಿಗೆ ವಾರ್ಡ್ ಡ್ಯೂಟಿ ಕೇಳಿ ಹಾಕಿಸಿಕೊಳ್ಳಿ. ನಮ್ಮ ವಾರ್ಡ್ ಗುಂಡೇಟಿಗಿಂತ ಜ್ವರ, ಭೇದಿ, ಹೆರಿಗೆಯಿಂದಲೇ ತುಂಬುತ್ತಿತ್ತು. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ, ಸರಿ. ಆದರೆ ಇಲ್ಲಿ ಹೆಚ್ಚಾಗಿ ವೈವಾಕ್ಸ್ ಅನ್ನುವ ಬಗೆ, ಅಲ್ಲಿ ಹೆಚ್ಚು ಅಪಾಯದ ಫಾಲ್ಸಿಪಾರಂ. ಬೆಳಿಗ್ಗೆ ಬರೀ ಜ್ವರ ಇದ್ದ ಮಗು ರಾತ್ರಿ ಫಿಟ್ಸ್ ಬಂದು ಮೈಮೇಲೆ ಎಚ್ಚರವಿಲ್ಲದೆ ಬರುತ್ತದೆ. ಮತ್ತೆ ತೋಳಿನ ಅಳತೆ ಪಟ್ಟಿ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ನಿಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಬಳೆ ಮಾಡಿ ನೋಡಿ, ಸುಮಾರು ಅಷ್ಟೇ.

ಮಣಿಪಾಲದ ಅರಿವಳಿಕೆ ವೈದ್ಯರು

ಸಿಸ್ಟರ್ ಹೇಳಿದ್ದು ಸರಿ. ಆದರೆ ಗಾಯಾಳುಗಳ ಆಸ್ಪತ್ರೆಗೆ ಹಾಕಿದರೆ ಕತೆಯೇ ಬೇರೆ. ಅಲ್ಲಿ ಗುಂಡಿನ, ಸಿಡಿತದ ಗಾಯವನ್ನು ಮೊದಲ ದಿನ ಹೊಲಿಯುವುದಿಲ್ಲ. ಸತ್ತ ಮಾಂಸ ತೆಗೆದು, ತೊಳೆದು, ತೆರೆದೇ ಬಿಟ್ಟು ಬ್ಯಾಂಡೇಜ್ ಸುತ್ತುತ್ತಾರೆ. 4–5 ದಿನ ಕಳೆದು ಶುದ್ಧವಾಗಿದ್ದರೆ ಹೊಲಿಗೆ. ನಡುವೆ ಬ್ಯಾಂಡೇಜ್ ಬಿಚ್ಚಿ ನೋಡುವ ಚಪಲ ಬೇಡ, ಬಿಚ್ಚಿದಷ್ಟೂ ಸೋಂಕು. ಅರಿವಳಿಕೆಗೆ ಕೆಟಮಿನ್ ನಮ್ಮ ಬಲಗೈ. ಸಾಮಾನ್ಯವಾಗಿ ಬಿಪಿ ಬೀಳಿಸುವುದಿಲ್ಲ, ಉಸಿರೂ ಹೆಚ್ಚಾಗಿ ತಾನೇ ನಡೆಯುತ್ತಿರುತ್ತದೆ. ಬ್ಲಡ್‌ಬ್ಯಾಂಕ್ ಖಾಲಿಯಾದರೆ ಸಿಬ್ಬಂದಿಯೇ ಸಾಲಿನಲ್ಲಿ ನಿಂತು ಕೊಡುತ್ತಾರೆ. ಒಮ್ಮೆಗೇ ತುಂಬಾ ಜನ ಬಂದಾಗ ಕೆಂಪು (ಕೂಡಲೇ ನೋಡಬೇಕಾದವರು), ಹಳದಿ (ಸ್ವಲ್ಪ ಕಾಯಬಹುದಾದವರು), ಹಸಿರು (ಸಣ್ಣ ಗಾಯ), ಕಪ್ಪು (ಸತ್ತವರು, ಉಳಿಯುವ ಆಸೆ ಇಲ್ಲದವರು) ಅಂತ ವಿಂಗಡಿಸುತ್ತಾರೆ. ಇನ್ನೂ ಉಸಿರಾಡುತ್ತಿರುವವನಿಗೆ ಕಪ್ಪು ಪಟ್ಟಿ ಕಟ್ಟುವುದು ಯಾವ ಕೋರ್ಸಿನಲ್ಲೂ ಅಭ್ಯಾಸವಾಗುವುದಿಲ್ಲ.

ಸರ್ಜನ್, ಅರಿವಳಿಕೆಯವರಿಗೆ ಕೆಲವು ವಾರಗಳ ಅವಧಿಯೂ ಸಿಗುತ್ತದೆ. ನರ್ಸ್‌ಗಳಿಗೆ ಹೆಚ್ಚಾಗಿ ತಿಂಗಳುಗಟ್ಟಲೆ. ಮನೆಯಲ್ಲಿ ಮೊದಲೇ ಹೇಳಿಬಿಡಿ.

ಮಂಗಳೂರಿನ ನಿವೃತ್ತ ಆಸ್ಪತ್ರೆ ಸಿಬ್ಬಂದಿ

ನಾನು ಹೊರಗೆಲ್ಲೂ ಹೋದವನಲ್ಲ. ಆದರೂ ಒಂದು ಮಾತು. ಮೇ 22, 2010ರಂದು ಬಜ್ಪೆಯಲ್ಲಿ ವಿಮಾನ ಬಿದ್ದ ದಿನ ಇಡೀ ಊರಿನ ಆಸ್ಪತ್ರೆಗಳು ಹಾಸಿಗೆ ಖಾಲಿ ಮಾಡಿಕೊಂಡು ಕಾದವು. ಬದುಕಿದವರು 8 ಮಂದಿ, ಹೋದವರು 158. ನಮಗೆ ಕೆಲಸ ಬಿದ್ದದ್ದು ಶವಾಗಾರದಲ್ಲಿ. ಉಂಗುರ, ವಾಚು, ಹಲ್ಲು ನೋಡಿ ಗುರುತು ಹಿಡಿಯುವವರ ಪಕ್ಕ ನಿಲ್ಲುವುದು. ಡಿಎನ್‌ಎ ನೋಡಿಯೂ 12 ದೇಹಗಳ ಗುರುತು ಸಿಗದೆ ಕೂಳೂರಿನ ಹೊಳೆ ಬದಿಯಲ್ಲಿ ಮಣ್ಣು ಮಾಡಿದರು. ವಿಪತ್ತು ಅಂದರೆ ಇದೂ ಸೇರಿ. ಶವದಿಂದ ರೋಗ ಹಬ್ಬುತ್ತದೆ ಅಂತ ಭೂಕಂಪದ ಊರುಗಳಲ್ಲಿ ಅವಸರದಿಂದ ಒಟ್ಟಿಗೆ ಹೂಳುತ್ತಾರೆ. ಹಾಗೆ ಮಾಡಬೇಡಿ, ಗುರುತು ಬರೆದಿಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ, ರೆಡ್‌ಕ್ರಾಸ್ ಹೇಳುವುದು. ದೂರ ಹೋಗುವ ಮೊದಲು ನಿಮ್ಮ ಆಸ್ಪತ್ರೆಯಲ್ಲಿ ವಿಪತ್ತಿನ ಅಣಕು ಕಾರ್ಯಾಚರಣೆ ನಡೆದರೆ ಅದರಲ್ಲಿ ಸೇರಿ. ನಡೆಯದಿದ್ದರೆ, ಯಾಕೆ ಅಂತ ಕೇಳಿ.

ಕಾರ್ಕಳದವರು, ತಂಗಿಯನ್ನು ಕಳಿಸಿದ ಅಣ್ಣ

ಅಮ್ಮನ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಅಕ್ಟೋಬರ್ 3, 2015ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿ 42 ಜನ ಸತ್ತರು. ಆಸ್ಪತ್ರೆ ಎಲ್ಲಿದೆ ಅಂತ ಮೊದಲೇ ತಿಳಿಸಿಯೂ ಹೀಗಾಯಿತು. ಮರುವರ್ಷ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳನ್ನು ರಕ್ಷಿಸಿ ಅಂತ 2286ನೇ ನಿರ್ಣಯ ಮಾಡಿತು. ಆಮೇಲೂ ಸಿರಿಯಾ, ಉಕ್ರೇನ್, ಗಾಜಾ, ಸುಡಾನ್‌ನಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಅಪಾಯ ಇಲ್ಲ ಅಂತ ಅಮ್ಮನಿಗೆ ಸುಳ್ಳು ಹೇಳುವ ಬದಲು ಸಂಸ್ಥೆಗೆ ನೇರ ಪ್ರಶ್ನೆ ಕೇಳಿ. ಈ ದೇಶ ಬೇಡ ಅನ್ನಬಹುದಾ? ಹೊರಗೆ ಕರೆತರುವ ವ್ಯವಸ್ಥೆ ಏನು? ವಿಮೆ ಎಷ್ಟು? ಮನೆಯವರಿಗೆ ಫೋನ್ ಮಾಡುವವರು ಯಾರು? ಉತ್ತರ ಬರೆದು ಕೊಡಲಿ.

ಅಲ್ಲಿ ನಿಮ್ಮಿಷ್ಟದಂತೆ ತಿರುಗಾಡಲು ಬಿಡುವುದಿಲ್ಲ. ಕತ್ತಲಾದ ಮೇಲೆ ಕಾಂಪೌಂಡ್ ಒಳಗೇ. ತಂಗಿಗೆ ಗುಂಡಿನ ಸದ್ದಿಗಿಂತ ಅದೇ ಹಿಂಸೆ ಆಗಿತ್ತಂತೆ. ಫೋನ್ ಮಾತ್ರ ವಾರಕ್ಕೊಂದು ದಿನ ಅಂತ ಗೊತ್ತುಮಾಡಿ, ದಿನಾ ಅಂತ ಹೇಳಬೇಡಿ. ಒಂದು ದಿನ ನೆಟ್‌ವರ್ಕ್ ಹೋದರೆ ಇಲ್ಲಿ ಮನೆಯೇ ತಲೆಕೆಳಗಾಗುತ್ತದೆ.

ಉಡುಪಿಯ ನರ್ಸಿಂಗ್ ಸೂಪರಿಂಟೆಂಡೆಂಟ್

ಕಾಗದಪತ್ರದ ವಿಷಯ ಯಾರೂ ಬರೆದಿಲ್ಲ. ದುಡ್ಡು ಕೇಳುವ ಏಜೆಂಟ್ ಕಂಡರೆ ಅಲ್ಲಿಂದಲೇ ಕೈ ಮುಗಿಯಿರಿ. ಇಂಥ ಸಂಸ್ಥೆಗಳು ಕೆಲಸಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ಅರ್ಜಿ ಅವರ ವೆಬ್‌ಸೈಟಿನಲ್ಲೇ. ಸಾಮಾನ್ಯವಾಗಿ ಕನಿಷ್ಠ 2 ವರ್ಷದ ಅನುಭವ ಕೇಳುತ್ತಾರೆ. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಹೊಸದಾಗಿರಲಿ. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು, ಅದನ್ನು ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಲಸಿಕೆಯ ದಾಖಲೆಯಾದ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇಡಿ, ವಾಪಸ್ ಬರುವಾಗಲೂ ಕೇಳುತ್ತಾರೆ. ಯೆಮನ್‌ನಂಥ ಕಡೆಗೆ ಭಾರತದ ಪಾಸ್‌ಪೋರ್ಟಿನಲ್ಲಿ ಹೋಗಲು ನಮ್ಮ ಸರ್ಕಾರದ ನಿರ್ಬಂಧವೇ ಇದೆ, ಒಪ್ಪುವ ಮೊದಲು ವಿಚಾರಿಸಿ.

ವಾಪಸ್ ಬಂದ ಮೇಲಿನ ಕೆಲಸ? ಖಾಸಗಿಯಲ್ಲಿ ಅಷ್ಟು ಉದ್ದದ ರಜೆ ಕೊಡುವುದು ಅಪರೂಪ, ರಾಜೀನಾಮೆಯೇ. ನನ್ನ ಕೈಕೆಳಗಿದ್ದ ಒಬ್ಬಳು ಬಂದಾಗ ಹಿಂದಿನ ಆಸ್ಪತ್ರೆ ಆ ಅವಧಿಯನ್ನು ಅನುಭವ ಅಂತಲೇ ಎಣಿಸಲಿಲ್ಲ. ಹೊಸಬಳ ಸಂಬಳ ಕೊಟ್ಟರು. ಬೇರೆ ಕಡೆ ಅದೇ ಅನುಭವ ನೋಡಿ ಸೋಂಕು ನಿಯಂತ್ರಣದ ಹುದ್ದೆ ಕೊಟ್ಟರು. ಹಾಗಾಗಿ ಎಷ್ಟು ಹಾಸಿಗೆ, ಎಷ್ಟು ಸಿಬ್ಬಂದಿ ನೋಡಿಕೊಂಡಿರಿ ಅಂತ ಬರೆಸಿಕೊಂಡೇ ಬನ್ನಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹೆರಿಗೆ ವಾರ್ಡಿಗೆ ಹಾಕಿ ಅಂತ ಇವತ್ತೇ ಕೇಳಿದೆ. ಅಕ್ಕ, ಸಂಬಳ ಹೇಗೆ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ.

ಉಡುಪಿಯ ನರ್ಸ್

ಗಲ್ಫ್ ಲೆಕ್ಕ ಹಾಕಿ ಹೋಗಬೇಡಿ, ಸಂಬಳ ಸಾಧಾರಣ. ಊಟ, ವಸತಿ, ಪ್ರಯಾಣದ ಖರ್ಚು ಅವರದೇ, ಹಾಗಾಗಿ ಬಂದದ್ದು ಉಳಿಯುತ್ತದೆ. ಮನೆ ಸಾಲ ಇದ್ದರೆ ಅದು ತೀರಿದ ಮೇಲೆ ಹೊರಡಿ. ಇಂಗ್ಲಿಷ್ ಚಂದ ಇರಬೇಕಾಗಿಲ್ಲ, ಕೇಸ್ ವಿವರಿಸಲು ಬಂದರೆ ಸಾಕು. ಅಲ್ಲಿ ಎಲ್ಲರದೂ ಹರಕುಮುರುಕು ಇಂಗ್ಲಿಷೇ. ಸಮಯ ಇದ್ದರೆ ಫ್ರೆಂಚ್ ಕಲಿಯಿರಿ. ಕಾಂಗೊ, ಚಾಡ್, ಮಧ್ಯ ಆಫ್ರಿಕಾ ಗಣರಾಜ್ಯಗಳಲ್ಲಿ ಕೆಲಸ ನಡೆಯುವುದು ಅದರಲ್ಲಿ, ಫ್ರೆಂಚ್ ಬರುವ ನರ್ಸ್ ನಮ್ಮ ಕಡೆಯಿಂದ ಸಿಗುವುದು ಬಹಳ ಕಡಿಮೆ. ಅಮ್ಮನ ಜೊತೆ ಮಾತಾಡಬೇಕಾದರೆ ನಾನು ಕುಂದಾಪುರಕ್ಕೆ ಬರುತ್ತೇನೆ, ನಮ್ಮಮ್ಮನನ್ನೂ ಕರೆದುಕೊಂಡು.