ಹೂಳಿನ ‘ಶಿಯರ್ ಸ್ಟ್ರೆಂತ್’ಗೆ ಗಟ್ಟಿತನ ಅಂದರೆ ಸಾಕೇ?

ಗೆಳೆಯರೇ, ನಮಸ್ಕಾರ.

ಆಲಮಟ್ಟಿ ಹಿನ್ನೀರು ಇಳಿದಾಗ ಬಾಗಲಕೋಟೆ ಸುತ್ತ ಘಟಪ್ರಭೆಯ ದಂಡೆಯಲ್ಲಿ ಮೆತ್ತನೆಯ ಹೂಳು ಉಳಿಯುತ್ತದೆ. ಇಂಥ ಹೂಳಿನ ಶಿಯರ್ ಸ್ಟ್ರೆಂತ್ ಅಳೆಯುವ ವೇನ್, ಕೋನ್, ಟಿ-ಬಾರ್ ಎಂಬ ಉಪಕರಣಗಳನ್ನು ಹೋಲಿಸಿ, ಡಿಪ್ಲೊಮಾ ಓದುವ ಹುಡುಗರಿಗೆ ಕನ್ನಡದಲ್ಲೊಂದು ಟಿಪ್ಪಣಿ ಬರೆಯುತ್ತಿದ್ದೇನೆ. ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಕರಡು ಓದಿದವರು ‘ಗಟ್ಟಿತನ’ ಸಾಕು ಅಂದರು. ನನಗೆ ಸಮಾಧಾನವಿಲ್ಲ. ಒಣಗಿದ ಎರೆಮಣ್ಣಿನ ಹೆಂಟೆ ಗಟ್ಟಿ, ಕಲ್ಲೂ ಗಟ್ಟಿ. ಇಲ್ಲಿ ಅಳೆಯುವುದು ಮಣ್ಣಿನ ಒಂದು ಪದರ ಇನ್ನೊಂದರ ಮೇಲೆ ಜಾರದಂತೆ ತಡೆಯುವ ಬಲ. ‘ಜಾರುತಡೆ’ ಅಂತ ಬರೆದಿದ್ದೇನೆ. ಕಿವಿಗೆ ಹೊಂದುತ್ತದೆಯೇ?

ವೇನ್‌ಗೆ ‘ರೆಕ್ಕೆ’ ಸುಲಭವಾಗಿ ಕೂತಿತು. ಸರಳಿನ ತುದಿಗೆ ನಾಲ್ಕು ರೆಕ್ಕೆ. ಹೂಳಿನೊಳಗೆ ಇಳಿಸಿ ನಿಧಾನವಾಗಿ ತಿರುಗಿಸುತ್ತಾರೆ. ಮಣ್ಣು ಬಿಟ್ಟುಕೊಡುವಾಗ ತಿರುಗಿಸಲು ಬೇಕಾದ ಬಲದಿಂದ ಜಾರುತಡೆಯ ಲೆಕ್ಕ ಸಿಗುತ್ತದೆ. ಕೋನ್ ಹಾಗಲ್ಲ. 60 ಡಿಗ್ರಿಯ ಮೊನೆಯನ್ನು ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ನೆಟ್ಟಗೆ ಒತ್ತುತ್ತಾರೆ. ಅಲ್ಲಿ ಸಿಗುವುದು ಒತ್ತಡ. ಅದರಲ್ಲಿ ಮೇಲಿನ ಮಣ್ಣಿನ ಭಾರ ಕಳೆದು, ಒಂದು ಅಂಶದಿಂದ ಭಾಗಿಸಿದರೆ ಜಾರುತಡೆ. ಆ ಅಂಶ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ. ತೀರಾ ಮೆತ್ತನೆಯ ಹೂಳಿನಲ್ಲಿ ಕಳೆಯುವ ಭಾಗವೇ ಜಾಸ್ತಿ, ಉಳಿಯುವುದು ಕಡಿಮೆ. ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಟಿ-ಬಾರ್‌ನಲ್ಲಿ ಮೊನೆ ಇಲ್ಲ, ಅಡ್ಡ ಉರುಳೆ ಇದೆ. ಅದು ಇಳಿಯುವಾಗ ರಾಡಿ ಸುತ್ತಿಕೊಂಡು ಮೇಲಕ್ಕೆ ಹರಿಯುತ್ತದೆ. ಮೇಲಿನ ಮಣ್ಣಿನ ಭಾರ ಉರುಳೆಯ ಮೇಲಿಂದಲೂ ಕೆಳಗಿಂದಲೂ ಒತ್ತುವುದರಿಂದ ಬಹುಪಾಲು ಸರಿದೂಗುತ್ತದೆ. ಮೆತ್ತನೆಯ ಹೂಳಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಇದಕ್ಕೆ ‘ಅಡ್ಡುರುಳೆ’ ಅಂದರೆ ನಾಲಿಗೆ ತೊಡರುತ್ತದೆ, ಅಲ್ವಾ? ಸುಮ್ನೆ ಟಿ-ಬಾರ್ ಅಂತಲೇ ಬಿಡಲೇ?

ನಿಜವಾದ ತೊಡಕು ಇನ್ನೊಂದಿದೆ. ಕಲಕದ ಮಣ್ಣಿನ ಜಾರುತಡೆ ಬೇರೆ, ಕಲಕಿದ ಮೇಲೆ ಉಳಿಯುವುದು ಬೇರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸೆನ್ಸಿಟಿವಿಟಿ. ರೆಕ್ಕೆಯನ್ನು ಬೇಗ ಬೇಗ ಹಲವು ಸುತ್ತು ತಿರುಗಿಸಿ, ಇಲ್ಲವೇ ಟಿ-ಬಾರನ್ನು ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡಿಸಿ ಎರಡನೆಯದನ್ನು ಅಳೆಯುತ್ತಾರೆ. ನಮ್ಮ ಕಡೆ ಗೋಡೆಗೆ, ಇಟ್ಟಂಗಿಗೆ ರಾಡಿ ತುಳಿಯುತ್ತಾರೆ. ಹಾಗಾಗಿ ‘ತುಳಿದ ಜಾರುತಡೆ’ ಎಂಬ ಮಾತು ನನಗೆ ಹಿಡಿಸಿದೆ. ಆದರೆ ಮೈಸೂರು, ಮಂಗಳೂರು ಕಡೆಯ ಹುಡುಗರಿಗೆ ‘ತುಳಿದ’ ಎಂದರೆ ಈ ಅರ್ಥ ತಟ್ಟನೆ ಹೊಳೆಯುತ್ತದೆಯೇ, ಅಥವಾ ‘ಕಲಕಿದ’ ಎನ್ನುವುದೇ ಮೇಲೇ? ಸೆನ್ಸಿಟಿವಿಟಿಗೆ ‘ಸೂಕ್ಷ್ಮತೆ’ ಬೇಡ. ಉಪಕರಣವೇ ಸೂಕ್ಷ್ಮ ಅಂತ ಓದಿಕೊಳ್ಳುತ್ತಾರೆ. ಬೇರೆ ಪದ ಇದ್ದರೆ ತಿಳಿಸಿ.